ಸರಕು ಕೇಳಲು ಹೋದವನು ಕೋಟೆ ಕಟ್ಟಿದ: ಕವಾಯಿ ದ್ವೀಪದ ರಷ್ಯನ್ ಪ್ರಕರಣ, 1815–1817

1815ರ ಜನವರಿ 31ರಂದು ಹವಾಯಿಯ ಕವಾಯಿ ದ್ವೀಪದಲ್ಲಿ, ವೈಮೆಯಾ ಎಂಬಲ್ಲಿ ಒಂದು ಹಡಗು ದಡಕ್ಕೆ ಬಡಿದು ಹಾಳಾಯಿತು. ಹೆಸರು ‘ಬೇರಿಂಗ್’, ರಷ್ಯನ್-ಅಮೆರಿಕನ್ ಕಂಪನಿಗೆ ಸೇರಿದ್ದು. ಒಳಗಿದ್ದ ಸರಕಿನ ಬೆಲೆ ಸುಮಾರು 1 ಲಕ್ಷ ರೂಬಲ್. ದ್ವೀಪದ ದೊರೆ ಆ ಸರಕನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡ. ಅದನ್ನು ವಾಪಸ್ ತರಲು ಕಂಪನಿ ಒಬ್ಬ ವೈದ್ಯನನ್ನು ಕಳಿಸಿತು.

ಒಂದೇ ವರ್ಷದಲ್ಲಿ ಆ ದ್ವೀಪದ ಮೇಲೆ ರಷ್ಯದ ಬಾವುಟ ಹಾರುತ್ತಿತ್ತು. ದೊರೆ ಚಕ್ರವರ್ತಿ ಮೊದಲನೇ ಅಲೆಕ್ಸಾಂಡರನಿಗೆ ನಿಷ್ಠೆಯ ಪತ್ರ ಬರೆದುಕೊಟ್ಟಿದ್ದ. ಮೂರು ಕೋಟೆಗಳ ಕೆಲಸ ಶುರುವಾಗಿತ್ತು. ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಎಲ್ಲ ಕುಸಿದು, ವೈದ್ಯ ಬೇರೆಯವರ ಹಡಗು ಹತ್ತಿ ಜೀವ ಉಳಿಸಿಕೊಂಡ.

ಇದರಲ್ಲಿ ಕಲಿಯೋದು ಬಹಳ ಇದೆ ಅಂತ ನನಗೆ ಅನಿಸಿದ್ದರಿಂದ ಇದನ್ನು ಪ್ರಕರಣವಾಗಿ ಬರೆಯುತ್ತಿದ್ದೇನೆ. ಸಾಮ್ರಾಜ್ಯ ಅಂದರೆ ರಾಜಧಾನಿಯಲ್ಲಿ ಕೂತು ನಕ್ಷೆಯ ಮೇಲೆ ಬೆರಳಿಟ್ಟು ಇದು ಬೇಕು ಅದು ಬೇಕು ಅನ್ನುವ ಚಕ್ರವರ್ತಿ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಹಾಗೆ ನಡೆಯಲಿಲ್ಲ. ಚಕ್ರವರ್ತಿಗೆ ಗೊತ್ತೇ ಇಲ್ಲದೆ ಅವನ ಹೆಸರಿನಲ್ಲಿ ಮಾತು ಕೊಟ್ಟಾಗಿತ್ತು. ಆ ಮಾತನ್ನು ಯಾರು ಕೊಟ್ಟರು, ಕೊಡುವ ಅಧಿಕಾರ ಯಾರಿಗಿತ್ತು, ನಂಬಿದವನಿಗೆ ಏನಾಯಿತು, ಇದೇ ಈ ಬರಹದ ವಿಷಯ.

ಆ ವೈದ್ಯನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಹೇಳಿದ ಕೂಡಲೇ ಎಲ್ಲರೂ ‘ಅವನೊಬ್ಬ ಹುಚ್ಚು ಸಾಹಸಿ’ ಅಂತ ತೀರ್ಮಾನ ಮಾಡಿ ಮುಗಿಸಿಬಿಡುತ್ತಾರೆ. ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೂ ಇದೇ ಆಗುತ್ತಿತ್ತಾ ಅನ್ನೋದು ನನ್ನ ಪ್ರಶ್ನೆ. ಹಡಗುಗಳ ಕ್ಯಾಪ್ಟನ್‌ಗಳ ಹೆಸರೂ ಅದೇ ಕಾರಣಕ್ಕೆ ಇಲ್ಲಿಲ್ಲ. ಅರಸರು, ದೊಡ್ಡ ಅಧಿಕಾರಿಗಳು, ಎಲ್ಲರಿಗೂ ಗೊತ್ತಿರುವ ಒಬ್ಬಿಬ್ಬರು ಮಾತ್ರ ಹೆಸರಿನಲ್ಲೇ ಬರುತ್ತಾರೆ.

ಹಿನ್ನೆಲೆ

ರಷ್ಯ ಪೂರ್ವಕ್ಕೆ ನಡೆದದ್ದು ತುಪ್ಪಳದ ಹಿಂದೆ. ಸೈಬೀರಿಯದ ಕಾಡಿನಲ್ಲಿ ಸೇಬಲ್ ಎಂಬ ಸಣ್ಣ ಪ್ರಾಣಿಯ ಚರ್ಮಕ್ಕಾಗಿ ಶುರುವಾದ ನಡಿಗೆ 1639ರ ಹೊತ್ತಿಗೆ ಪೆಸಿಫಿಕ್ ದಂಡೆ ಮುಟ್ಟಿತು. 1741ರಲ್ಲಿ ಬೇರಿಂಗ್ ಎಂಬ ನಾವಿಕನ ತಂಡ ಅಲಾಸ್ಕ ಕಂಡಿತು. ಅಲ್ಲಿ ಸಿಕ್ಕಿದ್ದು ಸೇಬಲ್‌ಗಿಂತ ಬೆಲೆಬಾಳುವ ಇನ್ನೊಂದು ಪ್ರಾಣಿ, ಕಡಲ ನೀರುನಾಯಿ. ಅದರ ದಟ್ಟವಾದ ತುಪ್ಪಳಕ್ಕೆ ಚೀನಾದಲ್ಲಿ ಭಾರಿ ಬೆಲೆ ಇತ್ತು.

ಈ ನೀರುನಾಯಿಯನ್ನು ಹಿಡಿಯೋದು ರಷ್ಯನ್ನರಿಗೆ ಬರುತ್ತಿರಲಿಲ್ಲ. ಚರ್ಮದ ಸಣ್ಣ ದೋಣಿಯಲ್ಲಿ ಕೂತು, ಅಲೆಯ ಮೇಲೆ ತೇಲುತ್ತಾ ಈಟಿ ಎಸೆಯುವ ಕಲೆ ಅಲಾಸ್ಕ ಕಡೆಯ ದ್ವೀಪಗಳ ಅಲ್ಯೂಟ್ ಜನರದ್ದು. ಅವರ ಹೆಂಡತಿ ಮಕ್ಕಳನ್ನು ಒತ್ತೆ ಇಟ್ಟುಕೊಂಡು ಗಂಡಸರನ್ನು ಬೇಟೆಗೆ ಅಟ್ಟುತ್ತಿದ್ದರು. ಈ ಪ್ರಕರಣದಲ್ಲಿ ಅಲ್ಯೂಟರು ಆಗಾಗ ಹಿನ್ನೆಲೆಯಲ್ಲಿ ಕಾಣಿಸುತ್ತಾರೆ. ಅವರಿಲ್ಲದೆ ಕಂಪನಿಯೇ ಇರುತ್ತಿರಲಿಲ್ಲ.

1799ರಲ್ಲಿ ಚಕ್ರವರ್ತಿ ಪಾಲ್ ಕೊಟ್ಟ ಸನದಿನಿಂದ ರಷ್ಯನ್-ಅಮೆರಿಕನ್ ಕಂಪನಿ ಹುಟ್ಟಿತು. ಅದಕ್ಕೆ ವ್ಯಾಪಾರದ ಏಕಸ್ವಾಮ್ಯ ಇತ್ತು, ಆ ದಂಡೆಯ ಆಡಳಿತವೂ ಅದರದ್ದೇ. ಅರಮನೆಯವರೇ ಅದರ ಷೇರು ಕೊಂಡಿದ್ದರು. ಹೀಗಾಗಿ ಇದು ಅಂಗಡಿಯೋ ಸರ್ಕಾರವೋ ಅಂತ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಂಡವರಿಗೆ ಈ ಗೊಂದಲ ಹೊಸದೇನಲ್ಲ. ಈ ಇಬ್ಬಗೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಎಡವಟ್ಟೂ ಇಲ್ಲಿಂದಲೇ ಹುಟ್ಟುತ್ತದೆ.

ಅಲಾಸ್ಕದ ದಂಡೆಯಲ್ಲಿ ಸಿಟ್ಕಾ ಎಂಬ ಜಾಗ ಕಂಪನಿಯ ಕೇಂದ್ರ. 1802ರಲ್ಲಿ ಆ ದಂಡೆಯ ಮೂಲನಿವಾಸಿಗಳಾದ ಟ್ಲಿಂಗಿಟ್ ಜನ ಅಲ್ಲಿದ್ದ ಮೊದಲ ಕೋಟೆಯನ್ನು ಸುಟ್ಟುಹಾಕಿದ್ದರು. 1804ರಲ್ಲಿ ರಷ್ಯನ್ನರು ಯುದ್ಧ ಮಾಡಿ ಮತ್ತೆ ನೆಲೆಯೂರಿದರು. ಅಲ್ಲಿನ ಮುಖ್ಯಸ್ಥ ಬರಾನೋವ್. 1790ರಿಂದ ಆ ದಂಡೆಯಲ್ಲೇ ಇದ್ದ. ವಯಸ್ಸಾಗಿತ್ತು, ನನ್ನನ್ನು ಬಿಡಿ ಅಂತ ಬರೆದು ಬರೆದು ಸಾಕಾಗಿತ್ತು. ಅವನ ಬದಲಿಗೆ ಕಳಿಸಿದ ಒಬ್ಬ ಅಧಿಕಾರಿ ದಾರಿಯಲ್ಲಿ ಕಮ್ಚಟ್ಕಾದಲ್ಲಿ ತೀರಿಕೊಂಡ. ಇನ್ನೊಬ್ಬ 1813ರಲ್ಲಿ ಸಿಟ್ಕಾದ ಹತ್ತಿರವೇ ಹಡಗು ಒಡೆದು ಮುಳುಗಿಹೋದ. ಆ ದೂರ ಎಂಥದ್ದು ಅಂತ ಹೇಳೋದಕ್ಕೆ ಇಷ್ಟೇ ಸಾಕು.

ಸಿಟ್ಕಾದ ದೊಡ್ಡ ಕಷ್ಟ ಹೊಟ್ಟೆಯದು. ಮಳೆ, ಚಳಿ, ಕಾಡು. ಧಾನ್ಯ ಬೆಳೆಯೋದಿಲ್ಲ. ಯಾಕುಟ್ಸ್ಕ್ ಕಡೆಯಿಂದ ಕುದುರೆಗಳ ಮೇಲೆ ಓಖೋಟ್ಸ್ಕ್‌ಗೆ, ಅಲ್ಲಿಂದ ಹಡಗಿನಲ್ಲಿ ಹಿಟ್ಟು ಬರಬೇಕು. ಬಂದಾಗ ಬಂತು. ಅದಕ್ಕೇ ಬರಾನೋವ್ 1812ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಫೋರ್ಟ್ ರಾಸ್ ಕಟ್ಟಿಸಿದ. ಅದೇ ಕಾರಣಕ್ಕೆ ಅವನ ಕಣ್ಣು ಹವಾಯಿಯ ಮೇಲೂ ಇತ್ತು. ಅಲ್ಲಿ ಉಪ್ಪು ಇತ್ತು, ಹಂದಿ ಮಾಂಸ ಇತ್ತು, ಕೆಸುವಿನ ಗೆಡ್ಡೆ ಬೇಕಾದಷ್ಟು ಇತ್ತು. ನಮ್ಮ ಮಲೆನಾಡಿನ ಗದ್ದೆ ಬದುವಿನಲ್ಲಿ ಬೆಳೆಯುವ ಅದೇ ಕೆಸು. ಹವಾಯಿಯವರು ಅದನ್ನು ನೀರು ಕಟ್ಟಿದ ಗದ್ದೆಯಲ್ಲೇ ಬೆಳೆದು, ಬೇಯಿಸಿ ಕುಟ್ಟಿ ‘ಪೊಯಿ’ ಮಾಡಿ ಉಣ್ಣುತ್ತಾರೆ.

ಜೊತೆಗೆ ಇನ್ನೊಂದು ಸರಕು ಇತ್ತು. ಗಂಧ. ಹವಾಯಿಯ ಗುಡ್ಡಗಳಲ್ಲಿ ‘ಇಲಿಯಾಹಿ’ ಎಂಬ ಗಂಧದ ಮರ ಬೆಳೆಯುತ್ತದೆ, ನಮ್ಮ ಶ್ರೀಗಂಧದ ಸೋದರ ಜಾತಿ. ಮೈಸೂರು ಸೀಮೆಯ ಗಂಧ ಹೋಗಿ ಸೇರುತ್ತಿದ್ದ ಕ್ಯಾಂಟನ್ ಪೇಟೆಗೇ ಇದೂ ಹೋಗುತ್ತಿತ್ತು. ಚೀನಾದವರು ಹವಾಯಿಯನ್ನು ಗಂಧದ ಗುಡ್ಡಗಳ ನಾಡು ಅಂತಲೇ ಕರೆದರು. ಈ ವ್ಯಾಪಾರವನ್ನೆಲ್ಲ ಅಮೆರಿಕನ್ ಕ್ಯಾಪ್ಟನ್‌ಗಳು ಹಿಡಿದುಕೊಂಡಿದ್ದರು. ರಷ್ಯನ್ನರಿಗೆ ಕ್ಯಾಂಟನ್ ಬಂದರಿನ ಬಾಗಿಲು ಮುಚ್ಚಿತ್ತು. ಅವರು ಚೀನಾಕ್ಕೆ ಮಾರಬೇಕಾದರೆ ಸೈಬೀರಿಯದ ಗಡಿಯ ಕ್ಯಾಖ್ತಾಕ್ಕೇ ಹೋಗಬೇಕು.

ಕವಾಯಿಯ ದೊರೆ

ಈ ಕಥೆಯನ್ನು ರಷ್ಯದ ಕಡೆಯಿಂದ ಮಾತ್ರ ಹೇಳುವವರು ಇವನನ್ನು ಬಾವುಟ ನೋಡಿ ಮರುಳಾದ ಪೆದ್ದನ ಹಾಗೆ ತೋರಿಸುತ್ತಾರೆ. ನನಗೆ ಅದು ಸರಿ ಕಾಣೋದಿಲ್ಲ.

ಅವನ ಹೆಸರು ಕೌಮುವಾಲಿ. ಹವಾಯಿಯ ಉಳಿದ ದ್ವೀಪಗಳನ್ನು ಒಂದೊಂದಾಗಿ ಗೆದ್ದ ಕಮೆಹಮೆಹಾನಿಗೆ ದಕ್ಕದೇ ಉಳಿದದ್ದು ಇವನ ಕವಾಯಿ ಮಾತ್ರ. 1796ರಲ್ಲಿ ಕಮೆಹಮೆಹಾ ದಂಡು ಕಟ್ಟಿಕೊಂಡು ಹೊರಟಾಗ ದ್ವೀಪಗಳ ನಡುವಿನ ಕಡಲಿನ ಬಿರುಗಾಳಿ ದೋಣಿಗಳನ್ನು ಹಿಂದಟ್ಟಿತು. 1804ರಲ್ಲಿ ಮತ್ತೆ ಸಜ್ಜಾದಾಗ ಒವಾಹು ದ್ವೀಪದಲ್ಲಿದ್ದ ಸೈನ್ಯಕ್ಕೆ ಸಾಂಕ್ರಾಮಿಕ ರೋಗ ಬಡಿಯಿತು. ಗಾಳಿ ಒಂದು ಸಲ, ರೋಗ ಒಂದು ಸಲ. ಮೂರನೇ ಸಲವೂ ಅದೃಷ್ಟ ಕೈ ಹಿಡಿಯುತ್ತೆ ಅಂತ ಕೌಮುವಾಲಿ ನೆಚ್ಚಿ ಕೂರಲಿಲ್ಲ. 1810ರಲ್ಲಿ ತಾನೇ ಒವಾಹುವಿನ ಹೊನೊಲುಲುವಿಗೆ ಹೋಗಿ ಕಮೆಹಮೆಹಾನ ಮೇಲಧಿಕಾರ ಒಪ್ಪಿಕೊಂಡ, ದ್ವೀಪವನ್ನು ತನ್ನ ಕೈಯಲ್ಲೇ ಉಳಿಸಿಕೊಂಡ. ಆ ಭೇಟಿಯಲ್ಲೇ ಅವನಿಗೆ ವಿಷ ಹಾಕಲು ಕೆಲವು ನಾಯಕರು ಹೊಂಚಿದ್ದರು, ಎಚ್ಚರಿಕೆ ಕೊಟ್ಟ ವೇಲ್ಸ್ ಮೂಲದ ಮನುಷ್ಯನೇ ಆಮೇಲೆ ಸತ್ತ ಅಂತ ಹವಾಯಿಯಲ್ಲಿ ಹೇಳುತ್ತಾರೆ.

ಇಂಥವನಿಗೆ ಹೊರಗಿನ ಶಕ್ತಿಯೊಂದರ ಬೆಂಬಲ ಬೇಕು ಅನಿಸೋದು ಸಹಜ ಅಲ್ವಾ? 1804ರಲ್ಲಿ ‘ನೇವಾ’ ಎಂಬ ರಷ್ಯನ್ ಹಡಗು ಬಂದಾಗಲೇ ಅವನು ಹಡಗು ಹತ್ತಿ ಬಂದು ಕಬ್ಬಿಣದ ಸರಳು, ಬಣ್ಣ ಕೇಳಿದ್ದ. ಸ್ವಂತ ಹಡಗು ಕಟ್ಟಿಸುತ್ತಿದ್ದ ಅವನು. ಅಂದರೆ ರಷ್ಯನ್ನರು ಅವನನ್ನು ಹುಡುಕಿಕೊಂಡು ಬರುವುದಕ್ಕೆ ಹತ್ತು ವರ್ಷ ಮೊದಲೇ ಅವನು ರಷ್ಯನ್ನರನ್ನು ಅಳೆದು ನೋಡಿದ್ದ.

ಸಮಸ್ಯೆ, ಮತ್ತು ಮೊದಲ ತೀರ್ಮಾನ

‘ಬೇರಿಂಗ್’ನ ಕ್ಯಾಪ್ಟನ್ ಸಿಟ್ಕಾಕ್ಕೆ ವಾಪಸ್ ಬಂದು, ಶಸ್ತ್ರ ಹಿಡಿದು ಹೋಗಿ ಸರಕು ಕಿತ್ತು ತರೋಣ ಅಂದ. ಬರಾನೋವ್ ಒಪ್ಪಲಿಲ್ಲ. ಮೆಲ್ಲಗೆ ಹೋಗೋಣ ಅಂದ. ಈ ತೀರ್ಮಾನ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ.

ಎಡವಿದ್ದು ಆಳನ್ನು ಆರಿಸುವಾಗ. ಸಿಟ್ಕಾದಲ್ಲಿ ಆಗ ಒಬ್ಬ ಜರ್ಮನ್ ಮೂಲದ ವೈದ್ಯ ಇದ್ದ. ರಷ್ಯದ ಸೈನ್ಯದಲ್ಲಿ ಕೆಲಸ ಮಾಡಿದವನು. 1812ರಲ್ಲಿ ನೆಪೋಲಿಯನ್ ಸೈನ್ಯದ ಮೇಲೆ ಬಲೂನಿನಿಂದ ಬಾಂಬು ಹಾಕುವ ಒಂದು ಯೋಜನೆಯಲ್ಲೂ ದುಡಿದಿದ್ದ, ಅದು ಫಲಿಸಲಿಲ್ಲ. ಆಮೇಲೆ ಹಡಗಿನ ವೈದ್ಯನಾಗಿ ಹೊರಟು, ಕ್ಯಾಪ್ಟನ್ ಜೊತೆ ಜಗಳವಾಗಿ 1814ರಲ್ಲಿ ಸಿಟ್ಕಾದಲ್ಲಿ ಇಳಿದುಬಿಟ್ಟಿದ್ದ. ಓದಿದವನು, ಭಾಷೆ ಬಲ್ಲವನು, ಕೈಗುಣ ಇದ್ದವನು. ಸಿಟ್ಕಾದಲ್ಲಿ ಅಂಥವರು ಬೇರೆ ಯಾರೂ ಇರಲಿಲ್ಲ. ಬರಾನೋವ್ ಅವನನ್ನೇ ಹಿಡಿದ.

1815ರ ಅಕ್ಟೋಬರಿನಲ್ಲಿ ವೈದ್ಯ ಒಂದು ಅಮೆರಿಕನ್ ಹಡಗಿನಲ್ಲಿ ಹೊರಟ. ಕೊಟ್ಟ ಸೂಚನೆ ಹೀಗಿತ್ತು: ಗಿಡಮರ ಅಧ್ಯಯನ ಮಾಡುವ ವಿದ್ವಾಂಸನ ಹಾಗೆ ಹೋಗು. ಮೊದಲು ಕಮೆಹಮೆಹಾನ ವಿಶ್ವಾಸ ಗಳಿಸು. ಆಮೇಲೆ ಸರಕಿನ ಮಾತೆತ್ತು. ಸರಕು ಸಿಗದಿದ್ದರೆ ಗಂಧದ ರೂಪದಲ್ಲಿ ಪರಿಹಾರ ಕೇಳು. ಸಾಧ್ಯವಾದರೆ ಗಂಧದ ವ್ಯಾಪಾರದ ಏಕಸ್ವಾಮ್ಯ ಗಿಟ್ಟಿಸು.

ಇದಾಗಿ ಕೆಲವು ತಿಂಗಳಿಗೆ, 1816ರ ಆರಂಭದಲ್ಲಿ, ಬರಾನೋವ್ ಅವನ ಬೆಂಬಲಕ್ಕೆ ಹಡಗು ಕಳಿಸಿದ. ಅದರ ಕ್ಯಾಪ್ಟನ್ ಕೈಗೆ ಇನ್ನೊಂದು ಸೂಚನೆ ಕೊಟ್ಟ. ಅದರಲ್ಲಿ ಧಾಟಿಯೇ ಬೇರೆ. ಸಮಾಧಾನದಿಂದ ಆಗದಿದ್ದರೆ ಕವಾಯಿಯ ದೊರೆಗೆ ಸೈನ್ಯದ ಬಿಸಿ ಮುಟ್ಟಿಸು, ಆದಷ್ಟು ರಕ್ತ ಹರಿಸಬೇಡ, ಗೆದ್ದರೆ ದ್ವೀಪವನ್ನು ಚಕ್ರವರ್ತಿಯ ಹೆಸರಿನಲ್ಲಿ ವಶಕ್ಕೆ ತೆಗೆದುಕೊ.

ಈ ಎರಡು ಪತ್ರಗಳ ನಡುವೆ ಇರುವ ಅಂತರವೇ ನನ್ನ ಪ್ರಕಾರ ಈ ಪ್ರಕರಣದ ನಿಜವಾದ ತಿರುವು. ಒಂದರಲ್ಲಿ ವ್ಯಾಪಾರಿ ಮಾತಾಡುತ್ತಾನೆ, ಇನ್ನೊಂದರಲ್ಲಿ ರಾಜ್ಯಪಾಲ. ಆಮೇಲೆ ಎಲ್ಲರೂ ವೈದ್ಯ ಅಪ್ಪಣೆ ಮೀರಿದ ಅಂದರು. ಮೀರಿದ್ದು ನಿಜ. ಆದರೆ ಬೇಲಿಯಲ್ಲಿ ಗಂಡಿ ಬಿಟ್ಟವನು ಬರಾನೋವ್.

ಔಷಧಿಯ ಪೆಟ್ಟಿಗೆ

1815ರ ನವೆಂಬರಿನಲ್ಲಿ ವೈದ್ಯ ಹವಾಯಿ ತಲುಪಿದ. ಅವನು ಬರುವ ಮೊದಲೇ ಅಮೆರಿಕನ್ ವ್ಯಾಪಾರಿಗಳು ‘ಇವರು ದ್ವೀಪ ಕಿತ್ತುಕೊಳ್ಳಲು ಬರುತ್ತಿದ್ದಾರೆ’ ಅಂತ ಕಮೆಹಮೆಹಾನ ಕಿವಿ ತುಂಬಿದ್ದರು. ಅರಸನ ಬಲಗೈಯಂತಿದ್ದ ಜಾನ್ ಯಂಗ್ ಎಂಬ ಇಂಗ್ಲಿಷ್ ನಾವಿಕನಿಗೂ ಈ ಹೊಸಬನ ಮೇಲೆ ನಂಬಿಕೆ ಇರಲಿಲ್ಲ.

ಬಾಗಿಲು ತೆರೆಸಿದ್ದು ಔಷಧಿ. ಅರಸನ ಕಾಯಿಲೆಗೆ ವೈದ್ಯ ಮದ್ದು ಕೊಟ್ಟ. ರಾಣಿ ಕಾಹುಮಾನುವಿಗೆ ಜ್ವರ ಬಿಡಿಸಿದ. ಅದಕ್ಕೆ ಪ್ರತಿಯಾಗಿ ಅವನಿಗೆ ಒವಾಹುವಿನಲ್ಲಿ ಜಾಗ ಸಿಕ್ಕಿತು. ಆದರೆ ಸರಕಿನ ವಿಷಯ ಮಾತ್ರ ಒಂದಿಂಚೂ ಮುಂದೆ ಹೋಗಲಿಲ್ಲ. ದಿನ ಕಳೆದ ಹಾಗೆ ಅರಸನ ಮುಖ ಗಂಟಿಕ್ಕುತ್ತಾ ಬಂತು.

1816ರ ಮೇ ಹೊತ್ತಿಗೆ ಕಂಪನಿಯ ಹಡಗುಗಳು ಬಂದು ಸೇರಿದವು. ವೈದ್ಯ ಕಮೆಹಮೆಹಾನನ್ನು ಬಿಟ್ಟು ನೇರವಾಗಿ ಕವಾಯಿಗೆ ಹೋದ. ಅಲ್ಲಿ ಕೌಮುವಾಲಿಗೆ ಮೈಯಲ್ಲಿ ನೀರು ತುಂಬುವ ಕಾಯಿಲೆ. ಮತ್ತೆ ಅದೇ ಔಷಧಿಯ ಪೆಟ್ಟಿಗೆ ತೆರೆಯಿತು. ಈ ಸಲ ಬಾಗಿಲು ಅವನು ಊಹಿಸಿದ್ದಕ್ಕಿಂತ ಅಗಲವಾಗಿ ತೆರೆದುಕೊಂಡಿತು.

1816ರ ಜೂನ್ 2ರಂದು ಕೌಮುವಾಲಿ ಪತ್ರಕ್ಕೆ ಗುರುತು ಹಾಕಿದ. ‘ಬೇರಿಂಗ್’ನ ಸರಕಿನಲ್ಲಿ ಉಳಿದಿದ್ದನ್ನು ವಾಪಸ್ ಕೊಡುವುದಾಗಿ ಒಪ್ಪಿದ. ಗಂಧವನ್ನು ರಷ್ಯನ್ ಕಂಪನಿಗೆ ಮಾತ್ರ ಕೊಡುವುದಾಗಿ ಹೇಳಿದ. ಚಕ್ರವರ್ತಿಯ ಆಶ್ರಯ ಬೇಡಿದ. ವೈದ್ಯನ ಕೈಯಿಂದ ರಷ್ಯದ ಬಾವುಟ ಪಡೆದ.

ಇಲ್ಲಿ ಸ್ವಲ್ಪ ನಿಲ್ಲೋಣ. ಸರಕು ವಾಪಸ್ ಬರುತ್ತೆ ಅಂತಾಯಿತು. ಗಂಧವೂ ಸಿಕ್ಕಿತು. ಕಳಿಸಿದ ಕೆಲಸ ಮುಗಿಯಿತು, ಕೇಳಿದ್ದಕ್ಕಿಂತ ಜಾಸ್ತಿಯೇ ಆಯಿತು. ಅವತ್ತೇ ಹಡಗು ಹತ್ತಿ ಸಿಟ್ಕಾಕ್ಕೆ ಹೊರಟಿದ್ದರೆ ಈ ವೈದ್ಯನನ್ನು ಕಂಪನಿ ಹೊತ್ತು ಮೆರೆಸುತ್ತಿತ್ತು.

ಅವನು ಹೊರಡಲಿಲ್ಲ. ಜುಲೈ 1ರಂದು ಇನ್ನೊಂದು ಒಪ್ಪಂದ ಆಯಿತು, ಗುಟ್ಟಿನದು. ಕೌಮುವಾಲಿ 500 ಜನರನ್ನು ಕೊಡಬೇಕು. ವೈದ್ಯ ಅವರನ್ನು ಕರೆದುಕೊಂಡು ಹೋಗಿ ಒವಾಹು, ಮಾವಿ, ಲನಾಯಿ, ಮೊಲೊಕಾಯಿ ದ್ವೀಪಗಳನ್ನು ಕಮೆಹಮೆಹಾನಿಂದ ಗೆದ್ದುಕೊಡಬೇಕು. ಒವಾಹುವಿನ ಅರ್ಧ ರಷ್ಯಕ್ಕೆ. ಕೌಮುವಾಲಿ ತಂದೆಯ ಕಡೆಯಿಂದ ಮಾವಿಯ ಅರಸು ಮನೆತನದವನು. ಅವನ ಲೆಕ್ಕದಲ್ಲಿ ಇದು ಕಳೆದುಕೊಂಡ ಆಸ್ತಿಯನ್ನು ಬಿಡಿಸಿಕೊಳ್ಳುವ ದಾರಿ.

ವೈದ್ಯನ ಲೆಕ್ಕ ಏನಿತ್ತು? ಕಾಗದಪತ್ರ ನೋಡಿದರೆ ಅವನಿಗೆ ತಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅನಿಸಿದ ಹಾಗೆ ಕಾಣೋದಿಲ್ಲ. ತನ್ನ ಹಿಂದೆ ಇಡೀ ರಷ್ಯ ಇದೆ, ಸುದ್ದಿ ಮುಟ್ಟಿದ ಕೂಡಲೇ ಯುದ್ಧದ ಹಡಗು ಬರುತ್ತದೆ ಅಂತ ಅವನು ನಿಜವಾಗಿಯೂ ನಂಬಿದ್ದ. ಮೋಸಗಾರನಾಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲವೇನೋ. ಮೋಸಗಾರನಿಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುತ್ತದೆ.

ಕೋಟೆಗಳು

ದ್ವೀಪದ ಉತ್ತರದಲ್ಲಿರುವ ಹನಲೇ ಕಣಿವೆಯನ್ನು ದೊರೆ ವೈದ್ಯನಿಗೆ ಬಿಟ್ಟುಕೊಟ್ಟ. ವೈದ್ಯ ಆ ಕಣಿವೆಗೆ ತನ್ನದೇ ಹೆಸರಿಟ್ಟ. ಅಲ್ಲಿ ಎರಡು ಕೋಟೆ ಶುರು ಮಾಡಿದ. ಒಂದಕ್ಕೆ ಚಕ್ರವರ್ತಿ ಅಲೆಕ್ಸಾಂಡರನ ಹೆಸರು, ಇನ್ನೊಂದಕ್ಕೆ ಸೇನಾಪತಿ ಬಾರ್ಕ್ಲೆಯ ಹೆಸರು. ಅವೆರಡೂ ಮಣ್ಣಿನ ಒಡ್ಡುಗಳು. ದಕ್ಷಿಣದ ವೈಮೆಯಾದಲ್ಲಿ ನದಿ ಸಮುದ್ರ ಸೇರುವ ಕಡೆ, ದೊರೆಯ ವಾಸದ ಪಕ್ಕದಲ್ಲೇ, ಕಪ್ಪು ಕಲ್ಲಿನ ದೊಡ್ಡ ಕೋಟೆ ಏಳತೊಡಗಿತು. ಇದು ಮಹಾರಾಣಿ ಎಲಿಜವೆತಾ ಹೆಸರಿನದು. ಕಲ್ಲು ಹೊತ್ತವರಲ್ಲಿ ಹೆಚ್ಚಿನವರು ಕವಾಯಿಯ ಜನ.

ಅತ್ತ ಹೊನೊಲುಲುವಿನಲ್ಲಿ ವೈದ್ಯನ ಕಡೆಯವರು ಇನ್ನೊಂದು ಕಟ್ಟೆ ಎಬ್ಬಿಸಲು ಹೋದರು. ಜಾನ್ ಯಂಗ್ ಜನರನ್ನು ಕಳಿಸಿ ಅವರನ್ನು ಓಡಿಸಿದ. ಓಡಿಸಿ ಸುಮ್ಮನೆ ಕೂರದೆ ಅದೇ ಜಾಗದಲ್ಲಿ ಕಮೆಹಮೆಹಾನಿಗಾಗಿ ಕೋಟೆ ಕಟ್ಟಿಸಿದ. ಸೆಪ್ಟೆಂಬರಿನಲ್ಲಿ ಅಮೆರಿಕನ್ ಕ್ಯಾಪ್ಟನ್‌ಗಳು ವೈಮೆಯಾಕ್ಕೆ ಬಂದು ರಷ್ಯದ ಬಾವುಟ ಇಳಿಸಲು ನೋಡಿದರು. ಆ ಬಾವುಟವನ್ನು ಕಾಯ್ದವರು ಕೌಮುವಾಲಿಯ ಆಳುಗಳು.

ಇಷ್ಟೆಲ್ಲ ನಡೆಯುವಾಗ ವೈದ್ಯ ಕಂಪನಿಯ ಲೆಕ್ಕದಲ್ಲಿ ಹಡಗುಗಳನ್ನು ಕೊಳ್ಳುತ್ತಿದ್ದ. ‘ಏವನ್’ ಎಂಬ ಅಮೆರಿಕನ್ ಹಡಗನ್ನು ದೊಡ್ಡ ಬೆಲೆಗೆ ಮಾತಾಡಿ, ದುಡ್ಡು ಬರಾನೋವ್ ಕೊಡುತ್ತಾನೆ ಅಂತ ಹೇಳಿ, ಒಪ್ಪಂದದ ಕಾಗದಗಳ ಜೊತೆ ಸಿಟ್ಕಾಕ್ಕೆ ಕಳಿಸಿದ.

ಬರಾನೋವ್ ಕಾಗದ ಓದಿದ. ಹಡಗಿಗೆ ದುಡ್ಡು ಕೊಡೋದಿಲ್ಲ ಅಂದ. ರಾಜಧಾನಿ ಪೀಟರ್ಸ್‌ಬರ್ಗ್‌ನ ಒಪ್ಪಿಗೆ ಇಲ್ಲದೆ ಇಂಥ ಒಪ್ಪಂದ ನಾನು ಒಪ್ಪಲಾರೆ, ಇನ್ನು ಮುಂದೆ ಏನೂ ಮಾಡಬೇಡ, ಹಡಗು ಮತ್ತು ಜನರನ್ನು ವಾಪಸ್ ಕಳಿಸು ಅಂತ ಬರೆದ. ಆದರೆ ಆ ಪತ್ರ ಸಮುದ್ರ ದಾಟಿ ಬರುವ ಹೊತ್ತಿಗೆ ವೈಮೆಯಾದ ಗೋಡೆ ಎಷ್ಟೋ ಎದ್ದಿತ್ತು. ವೈದ್ಯನೂ ನಿಲ್ಲಿಸಲಿಲ್ಲ. ಪೀಟರ್ಸ್‌ಬರ್ಗ್‌ನಿಂದ ಉತ್ತರ ಬರಲಿ ನೋಡೋಣ ಅಂತ ಕಾದ.

ಒಂದು ಹಡಗು, ಒಂದು ಮಾತು

1816ರ ನವೆಂಬರಿನಲ್ಲಿ ‘ರೂರಿಕ್’ ಎಂಬ ರಷ್ಯನ್ ಹಡಗು ಹವಾಯಿಗೆ ಬಂತು. ಕೌಂಟ್ ರುಮ್ಯಾಂತ್ಸೆವ್ ಎಂಬ ಶ್ರೀಮಂತ ತನ್ನ ಖರ್ಚಿನಲ್ಲಿ ಕಳಿಸಿದ್ದ ಅನ್ವೇಷಣೆಯ ಹಡಗು ಅದು. ನಾಯಕ ನೌಕಾಪಡೆಯ ಅಧಿಕಾರಿ ಕೊಟ್ಸೆಬ್ಯೂ. ಅವನಿಗೂ ಕಂಪನಿಗೂ ಸಂಬಂಧ ಇಲ್ಲ. ದಡದಲ್ಲಿ ಬಂದೂಕು ಹಿಡಿದ ಜನ ಸಾಲಾಗಿ ನಿಂತದ್ದು ಕಂಡು ಅವನಿಗೆ ಆಶ್ಚರ್ಯ. ಹವಾಯಿಯವರು ಇದನ್ನು ದಾಳಿಗೆ ಬಂದ ಯುದ್ಧನೌಕೆ ಅಂದುಕೊಂಡಿದ್ದರು.

ಕಮೆಹಮೆಹಾ ತನ್ನ ದೂರನ್ನೆಲ್ಲ ಹೇಳಿಕೊಂಡ. ಔಷಧಿ ಕೊಟ್ಟ ಮನುಷ್ಯ ಹೀಗೆ ಮಾಡಿದನಲ್ಲ ಅನ್ನುವ ಕೊರಗು ಅವನದ್ದು. ಕೊಟ್ಸೆಬ್ಯೂ ಕೊಟ್ಟ ಉತ್ತರದ ತಿರುಳು ಇಷ್ಟು: ಆ ಮನುಷ್ಯ ಮಾಡಿದ್ದು ಚಕ್ರವರ್ತಿಯ ಇಚ್ಛೆಯಿಂದಲ್ಲ.

ಕೊಟ್ಸೆಬ್ಯೂ ಕವಾಯಿಗೆ ಹೋಗಲಿಲ್ಲ. ಒಂದು ಗುಂಡು ಹಾರಿಸಲಿಲ್ಲ. ಆದರೂ ಅವನ ಮಾತಿನಿಂದ ಆಟ ಮುಗಿಯಿತು. ವೈದ್ಯನ ಬಲವೆಲ್ಲ ಇದ್ದದ್ದು ‘ನನ್ನ ಹಿಂದೆ ಚಕ್ರವರ್ತಿ ಇದ್ದಾನೆ’ ಅನ್ನುವ ನಂಬಿಕೆಯಲ್ಲಿ. ಚಕ್ರವರ್ತಿಯ ನೌಕಾಪಡೆಯ ಸಮವಸ್ತ್ರ ತೊಟ್ಟವನೇ ‘ಇಲ್ಲ’ ಅಂದಮೇಲೆ ಉಳಿಯೋದು ಏನು?

ಮುಂದಿನ ತಿಂಗಳುಗಳಲ್ಲಿ ಕೌಮುವಾಲಿ ಲೆಕ್ಕ ಬದಲಿಸಿದ. ಬರುತ್ತೆ ಅಂದ ಯುದ್ಧನೌಕೆ ಬರಲಿಲ್ಲ. ಕಮೆಹಮೆಹಾನ ಕಡೆಯಿಂದ ಒತ್ತಡ ಜಾಸ್ತಿಯಾಯಿತು. ರಷ್ಯಕ್ಕೂ ಅಮೆರಿಕಕ್ಕೂ ಯುದ್ಧ ಶುರುವಾಗಿದೆ ಅಂತ ಅಮೆರಿಕನ್ನರು ಸುಳ್ಳು ಸುದ್ದಿ ಹಬ್ಬಿಸಿದರು. 1817ರ ಮೇ ತಿಂಗಳಲ್ಲಿ ವೈಮೆಯಾದ ದಡದಲ್ಲಿ ವೈದ್ಯನನ್ನು ಹಿಡಿದು ದೋಣಿಗೆ ಹತ್ತಿಸಿ ಹಡಗಿನ ಕಡೆ ಅಟ್ಟಿದರು. ಅವನು ಹನಲೇಗೆ ಹೋಗಿ ಅಲ್ಲಿ ತಡೆದು ನಿಲ್ಲಲು ನೋಡಿದ. ಆಗಲಿಲ್ಲ. ಹೊಡೆದಾಟದಲ್ಲಿ ಸತ್ತವರಲ್ಲಿ ಅಲ್ಯೂಟರಿದ್ದರು. ಸಾವಿರಾರು ಮೈಲಿ ಆಚೆಯ ಮಂಜಿನ ದ್ವೀಪಗಳಿಂದ ಬಂದವರು. ಸರಕೂ ಅವರದ್ದಲ್ಲ, ಗಂಧವೂ ಅವರದ್ದಲ್ಲ, ಬಾವುಟವೂ ಅವರದ್ದಲ್ಲ. ಈ ಪ್ರಕರಣದಲ್ಲಿ ನನಗೆ ಓದಿದಾಗಲೆಲ್ಲ ಸಂಕಟ ಆಗೋದು ಇವರ ವಿಷಯಕ್ಕೆ.

ಸೋರುತ್ತಿದ್ದ ಹಡಗಿನಲ್ಲಿ ವೈದ್ಯ ಹೊನೊಲುಲು ತಲುಪಿದ. ಅಲ್ಲಿಂದ ಜುಲೈ 7ರಂದು ಒಬ್ಬ ಅಮೆರಿಕನ್ ಕ್ಯಾಪ್ಟನ್ ಅವನನ್ನು ಹತ್ತಿಸಿಕೊಂಡು ಚೀನಾದ ಕಡೆ ಹೋದ. ಹಿಂದೊಮ್ಮೆ ಆ ಕ್ಯಾಪ್ಟನ್ ಕಾಯಿಲೆ ಬಿದ್ದಾಗ ಇದೇ ವೈದ್ಯ ಮದ್ದು ಕೊಟ್ಟಿದ್ದ. ಕಡೆಗೂ ಅವನನ್ನು ಕಾಪಾಡಿದ್ದು ಅವನಿಗೆ ನಿಜವಾಗಿ ಬರುತ್ತಿದ್ದ ಆ ಒಂದು ವಿದ್ಯೆ.

ಪೀಟರ್ಸ್‌ಬರ್ಗ್‌ನ ಉತ್ತರ

ಕವಾಯಿ ನಮ್ಮದಾಯಿತು ಅನ್ನುವ ಸುದ್ದಿ ಪೀಟರ್ಸ್‌ಬರ್ಗ್ ಮುಟ್ಟಿದ್ದು 1817ರ ಆಗಸ್ಟಿನಲ್ಲಿ. ಅಷ್ಟರಲ್ಲಿ ವೈದ್ಯ ದ್ವೀಪ ಬಿಟ್ಟು ಓಡಿ ಒಂದು ತಿಂಗಳಾಗಿತ್ತು. ಇಲ್ಲದ ದ್ವೀಪವನ್ನು ಏನು ಮಾಡಬೇಕು ಅಂತ ರಾಜಧಾನಿಯಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕಂಪನಿಯ ನಿರ್ದೇಶಕರಿಗೆ ಆಸೆ ಇತ್ತು. 1818ರಲ್ಲಿ ವಿದೇಶಾಂಗದ ನೆಸೆಲ್‌ರೋಡ್ ಮೂಲಕ ಚಕ್ರವರ್ತಿಯ ಉತ್ತರ ಬಂತು. ಈ ದ್ವೀಪಗಳನ್ನು ಪಡೆಯುವುದರಿಂದ ರಷ್ಯಕ್ಕೆ ಹೇಳಿಕೊಳ್ಳುವ ಲಾಭ ಇಲ್ಲ, ತೊಂದರೆಗಳೇ ಬರಬಹುದು, ಆದ್ದರಿಂದ ಬೇಡ. ಸ್ನೇಹದ ವ್ಯಾಪಾರ ಸಾಕು.

ವೈದ್ಯ ಯುರೋಪಿಗೆ ಮರಳಿ ಚಕ್ರವರ್ತಿಯ ಮುಂದೆ ಮನವಿ ಇಡಲು ಓಡಾಡಿದ, ಕವಾಯಿಯನ್ನು ಮತ್ತೆ ಹಿಡಿಯಬಹುದು ಅಂತ ಯೋಜನೆ ಬರೆದುಕೊಟ್ಟ. ಯಾರೂ ಕಿವಿಗೊಡಲಿಲ್ಲ. ಕೊನೆಗೆ ಬ್ರೆಜಿಲ್‌ಗೆ ಹೋದ. ಅಲ್ಲಿನ ಚಕ್ರವರ್ತಿಗಾಗಿ ಜರ್ಮನ್ ವಲಸಿಗರನ್ನು ಕರೆತರುವ ಕೆಲಸ ಮಾಡಿ 1836ರಲ್ಲಿ ಅಲ್ಲೇ ತೀರಿಕೊಂಡ. ಕಂಪನಿಗೆ ಆದ ನಷ್ಟ 2 ಲಕ್ಷ ರೂಬಲ್‌ಗೂ ಮೇಲೆ. ಅಂದರೆ 1 ಲಕ್ಷದ ಸರಕು ಹುಡುಕಲು ಹೋಗಿ ಅದರ ಎರಡರಷ್ಟು ಕಳೆದುಕೊಂಡರು. ಬರಾನೋವ್ 1818ರ ಆರಂಭದಲ್ಲಿ ಹುದ್ದೆ ಬಿಟ್ಟುಕೊಟ್ಟ. ಊರಿಗೆ ಮರಳುವ ಹಾದಿಯಲ್ಲಿ, 1819ರಲ್ಲಿ, ಜಾವಾ ಹತ್ತಿರ ಸಮುದ್ರದ ಮೇಲೆ ಸತ್ತ.

ನನಗೆ ಕಂಡದ್ದು

ವೈದ್ಯನ ಸ್ವಭಾವ ಒಂದೇ ಕಾರಣ ಅಂತ ನನಗೆ ಅನಿಸೋದಿಲ್ಲ. ಸಿಟ್ಕಾದಿಂದ ಪೀಟರ್ಸ್‌ಬರ್ಗ್‌ಗೆ ಪ್ರಶ್ನೆ ಹೋಗಿ ಉತ್ತರ ಬರಲು ವರ್ಷಕ್ಕಿಂತ ಜಾಸ್ತಿ ಬೇಕಾದಾಗ, ತುದಿಯಲ್ಲಿ ಕೂತವನು ದಿನವೂ ತಾನೇ ತೀರ್ಮಾನ ಮಾಡಬೇಕಾಗುತ್ತದೆ. ಅಂಥ ಕಡೆ ಸೂಚನೆ ಕೊಡುವವನು ‘ಇಷ್ಟು ಮಾಡು’ ಅಂತ ಹೇಳಿದರೆ ಸಾಲದು, ‘ಇದಕ್ಕಿಂತ ಮುಂದೆ ಹೋಗಬೇಡ’ ಅನ್ನೋದನ್ನೂ ಬರೆದು ಕೊಡಬೇಕು. ಬರಾನೋವ್ ಬರೆದ ಎರಡೂ ಪತ್ರಗಳಲ್ಲಿ ಆ ಗೆರೆ ಇರಲಿಲ್ಲ. ಗೆದ್ದರೆ ಕೀರ್ತಿ ತನಗೂ ಬರುತ್ತೆ, ಸೋತರೆ ತಪ್ಪು ಹೋದವನದ್ದು ಅನ್ನುವ ಹಾಗೆ ಅವು ಓದಿಸಿಕೊಳ್ಳುತ್ತವೆ. ಅಷ್ಟು ವರ್ಷ ಆ ದಂಡೆಯಲ್ಲಿ ಹಸಿವು, ಯುದ್ಧ, ಮುಳುಗಿದ ಹಡಗು ಕಂಡ ಮುದುಕನ ಬಗ್ಗೆ ನನಗೆ ಮರುಕವೂ ಇದೆ. ಆದರೂ ಈ ವಿಷಯದಲ್ಲಿ ಅವನನ್ನು ಸುಮ್ಮನೆ ಬಿಟ್ಟುಬಿಡಲು ಮನಸ್ಸು ಒಪ್ಪೋದಿಲ್ಲ.

ಜೂನ್ 2ಕ್ಕೂ ಜುಲೈ 1ಕ್ಕೂ ನಡುವಿನ ಆ ನಾಲ್ಕು ವಾರಗಳನ್ನು ರಷ್ಯದ ವಿಸ್ತರಣೆ ಕಲಿಸುವವರು ತರಗತಿಯಲ್ಲಿ ಬಿಡಿಸಿ ಹೇಳಬೇಕು ಅಂತ ನನ್ನ ಆಸೆ. ವ್ಯಾಪಾರ ಸಾಮ್ರಾಜ್ಯವಾಗಿ ತಿರುಗುವುದನ್ನು ಇಷ್ಟು ಹತ್ತಿರದಿಂದ ನೋಡಲು ಸಿಗುವ ಸಂದರ್ಭ ಕಡಿಮೆ. ಕೆಲಸ ಮುಗಿದಿತ್ತು. ಮುಂದುವರಿಯಿರಿ ಅಂತ ಯಾರೂ ಹೇಳಿರಲಿಲ್ಲ. ನಿಲ್ಲಿಸಿ ಅಂತ ಹೇಳಬೇಕಾದವರು ಕಡಲಾಚೆ ಇದ್ದರು. ಎದುರಿಗಿದ್ದ ದೊರೆಗೂ ಮುಂದುವರಿಯುವುದೇ ಬೇಕಿತ್ತು.

ಕೌಮುವಾಲಿಗೆ ಏನಾಯಿತು ಅಂತ ಹೇಳದೆ ಇದನ್ನು ಮುಗಿಸಲಾರೆ. ರಷ್ಯನ್ನರು ಹೋದಮೇಲೆ ಕೋಟೆ ಅವನಿಗೇ ಉಳಿಯಿತು. ಕಮೆಹಮೆಹಾ ಬದುಕಿರುವ ತನಕ ಅವನನ್ನು ಮುಟ್ಟಲಿಲ್ಲ. 1819ರಲ್ಲಿ ಕಮೆಹಮೆಹಾ ತೀರಿಕೊಂಡ. 1821ರಲ್ಲಿ ಅವನ ಮಗ ಲಿಹೊಲಿಹೊ ಕವಾಯಿಗೆ ಅತಿಥಿಯಾಗಿ ಬಂದು, ದೊರೆಯನ್ನು ತನ್ನ ಹಡಗಿಗೆ ಕರೆದು, ಹತ್ತಿದ ಮೇಲೆ ಲಂಗರು ಎತ್ತಿಸಿ ಒವಾಹುವಿಗೆ ಒಯ್ದ. ಅಲ್ಲಿ ಕಾಹುಮಾನು ಅವನನ್ನು ಮದುವೆಯಾದಳು. ಹಿಂದೊಮ್ಮೆ ವೈದ್ಯ ಜ್ವರ ಬಿಡಿಸಿದ ಅದೇ ರಾಣಿ. ಕೌಮುವಾಲಿ 1824ರಲ್ಲಿ ಸತ್ತ, ತನ್ನ ದ್ವೀಪಕ್ಕೆ ದೊರೆಯಾಗಿ ಮತ್ತೆ ಮರಳಲೇ ಇಲ್ಲ. ಅದೇ ವರ್ಷ ಅವನ ಮಗ ಹುಮೆಹುಮೆ ದಂಗೆ ಎದ್ದು ಮೊದಲು ಮುತ್ತಿದ್ದು ವೈಮೆಯಾದ ಕೋಟೆಯನ್ನೇ.

ಆ ಕೋಟೆಯಲ್ಲಿ ರಷ್ಯನ್ನರು ಇದ್ದದ್ದು ಒಂದು ವರ್ಷವೂ ಇಲ್ಲ. ಹವಾಯಿಯವರು ಅದನ್ನು ದಶಕಗಳ ಕಾಲ ಬಳಸಿದರು. 1864ರಲ್ಲಿ ತೋಪುಗಳನ್ನು ತೆಗೆದು ಬಿಟ್ಟುಬಿಟ್ಟರು. ಆದರೂ ನಕ್ಷೆಯಲ್ಲಿ, ಫಲಕದಲ್ಲಿ ಅದರ ಹೆಸರು ‘ರಷ್ಯನ್ ಕೋಟೆ’ ಅಂತಲೇ ಉಳಿಯಿತು. ಕವಾಯಿಯ ಜನ ಇದನ್ನು ಬದಲಿಸಿ ಅಂತ ಕೇಳುತ್ತಾ ಬಂದರು. 2021ರಲ್ಲಿ ಅಲ್ಲಿ ಕೌಮುವಾಲಿಯ ಕಂಚಿನ ಪ್ರತಿಮೆ ನಿಂತಿತು. 2022ರಲ್ಲಿ ಹವಾಯಿ ಸರ್ಕಾರ ಆ ಜಾಗದ ಹೆಸರಿನಿಂದ ‘ರಷ್ಯನ್’ ತೆಗೆದು ‘ಪಾಉಲಉಲ’ ಎಂಬ ಹವಾಯಿ ಹೆಸರನ್ನು ಇಟ್ಟಿತು.